ಬೆರಳು ಕೊಟ್ಟವಳ ನಗು

ಮಾಗಡಿ ರಸ್ತೆಯ ಫ್ರೇಮ್ ಅಂಗಡಿ ದಾಟುವಾಗ ವಾರ್ನಿಷ್ ವಾಸನೆ ಬಂದರೆ ಈಗಲೂ ನನ್ನೆದೆ ಧಸಕ್ಕೆನ್ನುತ್ತದೆ. ನಗಬೇಡಿ, ಕಾರಣವಿದೆ.

ಹತ್ತು ವರ್ಷದ ಹಿಂದೆ ನನಗೆ ಹಳೇ ಅಚ್ಚುಚಿತ್ರಗಳ ಹುಚ್ಚು. ದೂರದೇಶದ ಜನ ಹೇಗಿರುತ್ತಾರೆಂದು ತನ್ನೂರಿನವರಿಗೆ ತೋರಿಸಲು ಯಾರೋ ಯುರೋಪಿನವನು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ ಹಾಳೆಯೊಂದು ಸಿಕ್ಕಿತು. ಅದರಲ್ಲಿದ್ದುದು ನಮ್ಮ ಸೀಮೆಯದೇ ಹಳೇ ಪದ್ಧತಿ: ಮಗಳ ಕಿವಿ ಚುಚ್ಚಿಸುವ ಮೊದಲು ತಾಯಿ ತನ್ನ ಎರಡು ಬೆರಳ ತುದಿಯನ್ನು ದೇವರಿಗೆ ಕೊಡುವುದು. ಪುಣ್ಯಾತ್ಮ ಈ ಕಡೆ ಕಾಲಿಟ್ಟವನಂತೆ ಕಾಣಲಿಲ್ಲ. ದೇವರಿಗೆ ಕೊಂಬು, ಹೆಂಗಸಿಗೆ ದೊರೆಸಾನಿಯ ಗುಂಗುರು ಕೂದಲು. ಉಳಿ ಬೀಳುವ ಹೊತ್ತಿಗೆ ಅವಳು ಹಲ್ಲುಬಿಟ್ಟು ನಗುತ್ತಿದ್ದಾಳೆ! ಮಹಾ ಪಂಡಿತನಾದ ನಾನು ಅದಕ್ಕೆ ಆ ಅಂಗಡಿಯಲ್ಲೇ ಫ್ರೇಮ್ ಹಾಕಿಸಿ ಹಾಲಿನಲ್ಲೇ ತೂಗುಹಾಕಿದೆ.

ಮಾರೇನಹಳ್ಳಿಯ ದೊಡ್ಡಮ್ಮ ಬಂದರು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು. ಅವರ ಮಗಳ ಮಗಳು ಪುಟ್ಟಿಗೆ ಕಿವಿ ಚುಚ್ಚುವ ಶಾಸ್ತ್ರಕ್ಕೆ ಕರೆಯಲು ಬಂದಿದ್ದರು. ಸೋದರಮಾವನ ಜಾಗದಲ್ಲಿ ಕೂತು ಮಗುವನ್ನು ತೊಡೆಯ ಮೇಲಿಟ್ಟುಕೊಳ್ಳಬೇಕಾದವನು ನಾನೇ.

"ಯಾಕೋ ನಗ್ತಾವ್ಳೆ ಇವ್ಳು?" ದೊಡ್ಡಮ್ಮ ಚಿತ್ರ ನೋಡಿ ಕೇಳಿದರು.

"ಆಗಿನ ಜನ ಹಂಗೇ ದೊಡ್ಡಮ್ಮ, ಕಾಡುಜನ," ಎಂದು ನಾನೂ ನಕ್ಕೆ.

ದೊಡ್ಡಮ್ಮ ಕಾಫಿ ಲೋಟ ಕೆಳಗಿಟ್ಟರು. "ನಮ್ಮಜ್ಜೀಯ ಅತ್ತೆ ಮುನಿಯಮ್ಮ ಬೆರಳು ಕೊಟ್ಟೋರು ಕಣೋ. ಸಾಯೋವರ್ಗೂ ನೆಟ್ಟಗೆ ಮುದ್ದೆ ಕಟ್ಟಕ್ಕಾಗ್ದೆ ಅಳೋರಂತೆ. ನೀನು ಶಾಸ್ತ್ರಕ್ಕೆ ಬರ್ಬೇಡ."

ಚಿತ್ರವನ್ನು ಅಂದೇ ಇಳಿಸಿದೆ. ಶಾಸ್ತ್ರದ ದಿನ ಬರಬೇಡವೆಂದಿದ್ದರೂ ಹೋಗಿ ಬಾಗಿಲಲ್ಲಿ ನಿಂತೆ. ಒಳಗೆ ದೊಡ್ಡಮ್ಮ ಪುಟ್ಟಿಯ ತಾಯಿಯ ಎರಡು ಬೆರಳಿಗೆ ಹೂ ಸುತ್ತುತ್ತಿದ್ದರು. ಬೆರಳು ಕೊಡುವ ಪದ್ಧತಿಯಲ್ಲಿ ನಮ್ಮ ಮನೆಯಲ್ಲಿ ಈಗ ಉಳಿದಿರುವುದು ಅಷ್ಟೇ. ಅಕ್ಕಸಾಲಿಗ ಗಡಿಯಾರ ನೋಡಿಕೊಂಡ. ಮಗುವನ್ನು ಎತ್ತಿಕೊಳ್ಳಲು ಯಾರೂ ಮುಂದೆ ಬರಲಿಲ್ಲ.

ದೊಡ್ಡಮ್ಮ ತಲೆ ಎತ್ತಿ ಎಲ್ಲರೆದುರು ಕೇಳಿದರು: "ಯಾರ ಮನೆಯೋನಪ್ಪಾ ನೀನು?"

ಬಾಗಿಲಲ್ಲೇ ನಿಂತು ಹೇಳಿದೆ: "ಮುನಿಯಮ್ಮನ ಮನೆಯೋನು."

ಅವರು ಸೋದರಮಾವನ ಜಾಗ ತೋರಿಸಿದರು. "ಕೂತ್ಕೋ."

ತಂತಿ ಚುಚ್ಚಿದಾಗ ಪುಟ್ಟಿ ಕಿರುಚಿ ನನ್ನ ಅಂಗಿ ಹಿಡಿದಳು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ಅತ್ತೆ.

ಇವತ್ತು ಅದೇ ರಸ್ತೆಯಲ್ಲಿ ಪುಟ್ಟಿ ಜೊತೆಗಿದ್ದಳು. ಯಾಕೆ ನಿಂತೆ ಎಂದು ಪೀಡಿಸಿದಳು, ಎಲ್ಲ ಹೇಳಿದೆ. ಅವಳು, "ಮುನಿಯಮ್ಮ ನೋಡೋಕೆ ಹೆಂಗಿದ್ರು ಮಾಮ?" ಎಂದಳು.

ಹಿಂದಿನ ನಾನಾಗಿದ್ದರೆ ಮೂಗು, ಕಣ್ಣು, ಸೀರೆಯ ಬಣ್ಣ ಎಲ್ಲ ಹೇಳಿಬಿಡುತ್ತಿದ್ದೆ.

"ಗೊತ್ತಿಲ್ಲ ಪುಟ್ಟಿ," ಎಂದೆ. "ನಾನು ಅವರನ್ನ ನೋಡಿಲ್ಲ."