ಪದರುಗಲ್ಲಿನೊಳಗಿನ ಗ್ಯಾಸು

ಮದುವೆಯಾಗಿ ತಾಂಡೂರಿಗೆ ಬಂದ ಮೊದಲ ವರ್ಷ ನಾನೂ ನನ್ನ ಗಂಡನೂ ಮಾತಾಡಿದ್ದು ಕಡಿಮೆ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಅವರದು ಹಾಸುಗಲ್ಲಿನ ಗಣಿ. ಒಳ್ಳೆಯ ಕಲ್ಲಿನ ಮೇಲೆ ಕೂತ ಪದರುಗಲ್ಲನ್ನು, ಅಂದರೆ ಶೇಲನ್ನು, ಕಿತ್ತು ಗುಡ್ಡೆ ಹಾಕುವುದೇ ಅವರಿಗೆ ದಿನದ ತಲೆನೋವು.

ಒಂದು ಸಂಜೆ ಊಟಕ್ಕೆ ಬಡಿಸುತ್ತ, ವಿಜ್ಞಾನದ ಪತ್ರಿಕೆಯಲ್ಲಿ ಓದಿದ್ದನ್ನು ಸುಮ್ಮನೆ ಹೇಳಿದೆ. ಪರದೇಶದ ಕೆಲವು ಕಪ್ಪು ಶೇಲಿನಲ್ಲಿ ಉರಿಯುವ ಗ್ಯಾಸು ಅಂಟಿಕೊಂಡಿರುತ್ತದೆ. ಇಂಗಾಲದ ಡೈಆಕ್ಸೈಡ್ ಒತ್ತಿದರೆ ಕಲ್ಲು ಅದನ್ನು ಹಿಡಿದುಕೊಂಡು ಉರಿಯುವ ಗ್ಯಾಸನ್ನು ಬಿಟ್ಟುಕೊಡುತ್ತದಂತೆ. ಅವರ ಕೈ ರೊಟ್ಟಿಯ ಮೇಲೇ ನಿಂತಿತು.

"ನಮ್ ಕಲ್ಲಾಗ ಅದ ಏನು?"

"ಇಲ್ಲರಿ. ಆದ್ರ ನಾವೇ ಗ್ಯಾಸು ತುಂಬಿ ನೋಡಬಹುದು."

ಮರುದಿನವೇ ಅವರು ಪದರುಗಲ್ಲನ್ನು ಪುಡಿ ಮಾಡಿಸಿ ತಂದರು. ಅದನ್ನು ಚೆನ್ನಾಗಿ ಕಾಯಿಸಿ, ಆರಿಸಿ, ಕಬ್ಬಿಣದ ಕೊಳವೆಯಲ್ಲಿ ತುಂಬಿದೆವು. ಉರಿಯುವ ಗ್ಯಾಸು ನಮ್ಮ ಅಡುಗೆಮನೆಯದೇ. ಹಿತ್ತಿಲ ಗೋಬರ್ ಗ್ಯಾಸನ್ನು ಸುಣ್ಣದ ತಿಳಿನೀರಿನಲ್ಲಿ ಹಾಯಿಸಿ, ಅದರಲ್ಲಿ ಬೆರೆತ ಇಂಗಾಲದ ಡೈಆಕ್ಸೈಡ್ ಕಳೆದು ಸೈಕಲ್ ಪಂಪಿನಿಂದ ಒತ್ತಿದೆವು. ಒಲೆ ತಣ್ಣಗಾಗಿದ್ದಕ್ಕೆ ಅತ್ತೆ ಗೊಣಗಿದರೂ ಅಂಗಳದಲ್ಲಿ ಕಟ್ಟಿಗೆ ಹಚ್ಚಿ ಚಹಾ ಕಾಸಿ ಕೊಟ್ಟರು. ಆಮೇಲೆ ಒತ್ತಬೇಕಾದ ಇಂಗಾಲದ ಡೈಆಕ್ಸೈಡಿಗೆ ನನ್ನ ಗಂಡ ಜಹೀರಾಬಾದಿಗೆ ಹೋಗಿ, ಸೋಡಾ ಕಾರ್ಖಾನೆಯ ಗೆಳೆಯನ ಮನವೊಲಿಸಿ ಸಿಲಿಂಡರನ್ನೇ ಹೊತ್ತು ತಂದರು.

ಕೊಳವೆಯ ಬಾಯಿ ಬಿಚ್ಚಿ ಕಡ್ಡಿ ಗೀರಿದಾಗ ಉರಿ ಬಂತು, ಸಣ್ಣದಾಯಿತು, ಆರಿತು. ಆಮೇಲೆ ಕೊಳವೆಯ ಇನ್ನೊಂದು ತುದಿಗೆ ಜೋಡಿಸಿದ್ದ ಸಿಲಿಂಡರಿನ ತಿರುಪನ್ನು ಮೆಲ್ಲಗೆ ತಿರುಗಿಸಿದೆ. ಉರಿ ಆರಿದ ಬಾಯಿಗೆ ಇನ್ನೊಂದು ಕಡ್ಡಿ ಹಿಡಿದಾಗ ಮತ್ತೆ ನೀಲಿ ಉರಿ ಕಂಡಿತು.

ಅತ್ತೆ ಕೈಮುಗಿದರು. ನನಗೆ ಅನುಮಾನ. ಪುಡಿಯ ಸಂದಿಯಲ್ಲಿ ಉಳಿದ ಗ್ಯಾಸೂ ಹಾಗೆಯೇ ಹೊರಗೆ ಬಂದೀತಲ್ಲ ಎಂದೆ. ನನ್ನ ಗಂಡ ಬೇಸರಪಡಲಿಲ್ಲ, ಗ್ಯಾಸು ಅಂಟದ ಕಾಗ್ನಾ ಹೊಳೆಯ ಉಸುಕು ತಂದರು. ಪುಡಿಯ ಬದಲು ಉಸುಕು ತುಂಬಿ ಎಲ್ಲವನ್ನೂ ಮತ್ತೆ ಮಾಡಿದೆವು. ಈ ಸಲ ನೀಲಿ ಉರಿ ಮಿಣುಕಿ ಹೋಯಿತು.

"ಅಂದ್ರ ಕಲ್ಲೇ ಹಿಡಕೊಂಡಿತ್ತು," ಎಂದರು ಅವರು, ತಮಗೇ ಹೇಳಿಕೊಂಡಂತೆ. ನಾನು ಹೌದೆಂದೆ.

ಅದರಿಂದ ಗಣಿಗೇನೂ ಲಾಭವಾಗಲಿಲ್ಲ, ಗುಡ್ಡೆಯೂ ಕರಗಲಿಲ್ಲ. ಆದರೆ ಅಂದಿನಿಂದ ಅವರು ಕೊಡಂಗಲ್ಲಿಗೋ ಕಲ್ಹೇರಿಗೋ ಹೋದರೆ ಒಂದು ಕಲ್ಲು ತಂದು ಮುಂದಿಟ್ಟು, ಇದರೊಳಗೇನಿದೆ ಎಂದು ಕೇಳುತ್ತಿದ್ದರು. ಗೊತ್ತಿದ್ದದ್ದನ್ನು ಹೇಳುತ್ತಿದ್ದೆ, ಗೊತ್ತಿಲ್ಲದ್ದನ್ನು ಇಬ್ಬರೂ ಕೂತು ಓದುತ್ತಿದ್ದೆವು. ಮಗಳು ಹುಟ್ಟುವ ಹೊತ್ತಿಗೆ ಅತ್ತೆ ಉಪ್ಪಿನಕಾಯಿ ಕಪಾಟಿನ ಒಂದು ಅರೆಯನ್ನು ಕಲ್ಲುಗಳಿಗೆಂದೇ ಬಿಟ್ಟುಕೊಟ್ಟಿದ್ದರು.