ಹಾಸಿಗೆಯವನ ಅನುಮಾನ, ಗೋದಾಮಿನ ಗೋಡೆ

ಹಾಸಿಗೆ ಹೊಲಿಯುವುದು ಅವನ ಕಸುಬು. ಬೀದಿಯವರು ಇಟ್ಟ ಹೆಸರು ಅಡ್ಡಪ್ರಶ್ನೆ. ಮಳೆ ನಿಂತರೂ ಯಾಕೆ ನಿಂತಿತು ಎಂದು ಕೇಳುವ ಆಸಾಮಿ. ಹುಟ್ಟಿನಿಂದ ಹೀಗಿದ್ದವನಲ್ಲ. ಹಿಂದೊಮ್ಮೆ ಹೊಳೆ ಉಕ್ಕಿದಾಗ ಯಾರೋ ಪುಣ್ಯಾತ್ಮರು ಬಂದು, "ಸ್ವಲ್ಪ ದಿನ ಆಚೆ ಇರಿ, ಮನೆ ಕಟ್ಟಿಸಿಕೊಡ್ತೀವಿ" ಎಂದು ದಡದ ಸಾಲಿನವರನ್ನೆಲ್ಲ ಡೇರೆಗೆ ಕಳಿಸಿದ್ದರು. ಮನೆ ಏಳಲಿಲ್ಲ, ಆ ಜಾಗದಲ್ಲಿ ಗೋದಾಮು ಎದ್ದಿತು. ಆ ಸಾಲಿನಲ್ಲೇ ಇದ್ದ ಅವನ ಅಣ್ಣ ಡೇರೆಯಲ್ಲೇ ಕಣ್ಣುಮುಚ್ಚಿದ.

ಈ ಸಲ ನೆರೆ ಅವನ ಬೀದಿಗೇ ನುಗ್ಗಿತು. ನೀರಿಳಿದ ಮೇಲೆ ಬಾಗಿಲು ತಳ್ಳಿದರೆ, ಹತ್ತಿಯ ಮೂಟೆಗಳು ಕೆಸರು ಕುಡಿದು ಸತ್ತ ಎಮ್ಮೆಗಳ ಹಾಗೆ ಊದಿಕೊಂಡಿದ್ದವು. ಗಂಡ ತೀರಿದ ಮೇಲೆ ತಮ್ಮನ ಮನೆ ಸೇರಿದ್ದ ಅಕ್ಕ ಕೆಸರಿನಲ್ಲಿ ಕೈಯಾಡಿಸುತ್ತ ದಬ್ಬಳ ಹುಡುಕುತ್ತಿದ್ದಳು.

ಕೆಸರು ಒಣಗುವ ಮೊದಲೇ ಒಂದು ಸಂಸ್ಥೆಯವರು ಬಂದರು. ಮುಂದಾಳು ಮೊಣಕಾಲುದ್ದದ ಬೂಟಿನ ಇಂಜಿನಿಯರಮ್ಮ. ಇದ್ದ ಜಾಗದಲ್ಲೇ ನೆಲಗಟ್ಟು ಎತ್ತರಿಸಿ, ಮೇಲೊಂದು ಅಟ್ಟ ಕೊಟ್ಟು ಮನೆ ಕಟ್ಟೋಣ, ಸಾಮಾನು ನಮ್ಮದು, ಎಲ್ಲರೂ ಕೈಹಚ್ಚಿ ಎಂದಳು.

"ಇದರಲ್ಲಿ ನಿಮಗೇನು ಸಿಗುತ್ತೆ ಮೇಡಂ?" ಅಡ್ಡಪ್ರಶ್ನೆ ಕೇಳಿದ.

"ಸಂಬಳ" ಎಂದು ನಕ್ಕಳು. ಅವನು ನಗಲಿಲ್ಲ.

"ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ. ನಿನ್ನ ಕಥೆ ಹಾಗಾಯ್ತು" ಎಂದು ಅಕ್ಕ ಗದರಿದಳು.

"ಅವತ್ತು ಮೊಳ ಹಾಕದೇ ಇದ್ದಿದ್ದಕ್ಕೇ ಅಣ್ಣ ಹೋದದ್ದು ಅಕ್ಕಾ."

ಅಕ್ಕ ಮತ್ತೆ ಕೆಸರಿಗೆ ಕೈ ಹಾಕಿದಳು.

ಅವನು ಎಲ್ಲರ ಜೊತೆ ಕಲ್ಲು ಹೊರುತ್ತಿದ್ದ, ಆದರೆ ಕಣ್ಣು ಮಾತ್ರ ಬೂಟಿನ ಮೇಲೇ. ಒಂದು ಮಧ್ಯಾಹ್ನ ಆ ಬೂಟು ನೇರ ಗೋದಾಮಿನೊಳಗೆ ಹೋಯಿತು. ಹೊರಬರುವಾಗ ಮಾಲೀಕನೇ ಗೇಟಿನವರೆಗೆ ಬಂದು ಕೈಮುಗಿದು ಕಳಿಸಿದ. ಅಡ್ಡಪ್ರಶ್ನೆ ಹೊತ್ತ ಕಲ್ಲು ಅಲ್ಲೇ ಇಳಿಸಿ ಬೀದಿಯೊಳಗೆ ಓಡಿದ. ಸಂಜೆಯೊಳಗೆ ಸುದ್ದಿ ಮನೆಮನೆ ಮುಟ್ಟಿತು. ಮರುದಿನ ಯಾರೂ ಸಿಮೆಂಟು ಕಲಸಲಿಲ್ಲ.

ಅರ್ಧ ಎದ್ದ ಗೋಡೆಗಳ ನಡುವೆ ಜನ ಸುತ್ತುಗಟ್ಟಿದರು. ಅಕ್ಕನೇ ಕೇಳಿದಳು: "ಅಲ್ಲಿಗ್ಯಾಕೆ ಹೋಗಿದ್ದೆ ತಾಯಿ?"

"ನಿಮ್ಮ ಬೀದಿಯ ನೀರು ಹೊಳೆಗೆ ಹರಿಯೋ ಕಾಲುವೆ ಮೇಲೇ ಅವರ ಹಿಂದಿನ ಗೋಡೆ ನಿಂತಿದೆ. ತೆಗೀರಿ ಅಂತ ಕೇಳೋಕೆ ಹೋಗಿದ್ದೆ. ಆಗಲ್ಲ ಅಂದ್ರು."

"ನಮಗ್ಯಾಕೆ ಹೇಳ್ಲಿಲ್ಲ?" ಅಡ್ಡಪ್ರಶ್ನೆ ಮುಂದೆ ಬಂದ.

"ಸುಮ್ಮನೆ ಆಸೆ ಹುಟ್ಟಿಸಿ ನಿರಾಸೆ ಮಾಡೋದು ಬೇಡ ಅಂತ."

"ನಮ್ಮ ನಿರಾಸೆ ನಾವು ನೋಡ್ಕೋತೀವಿ ಮೇಡಂ, ನೀವು ಮುಚ್ಚಿಡಬೇಡಿ. ಈಗ್ಲೇ ಎಲ್ಲರೂ ಹೋಗೋಣ. ಅವನ ಬಾಯಲ್ಲೇ ಕೇಳ್ಬೇಕು ನಾನು."

ಇಡೀ ಬೀದಿ ಗೇಟಿನ ಮುಂದೆ ನಿಂತಿತು. ಮಾಲೀಕ ಗೇಟು ತೆಗೆಯಲೂ ಇಲ್ಲ; ಒಳಗಿನಿಂದಲೇ ಕಿರುಚಿದ: "ಗೋಡೆ ಒಡೆಯಲ್ಲ ಅಂತ ನಿನ್ನೆನೇ ಆ ಯಮ್ಮಂಗೆ ಹೇಳಿದ್ದೀನಲ್ಲ!"

ಅಡ್ಡಪ್ರಶ್ನೆ ಇಂಜಿನಿಯರಮ್ಮನತ್ತ ತಿರುಗಿ ನೋಡಿದ. ಗೇಟಿಗೆ ಅಡ್ಡಲಾಗಿ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟ. ಪಕ್ಕದಲ್ಲಿ ಅಕ್ಕ ಕುಳಿತಳು, ಆಮೇಲೆ ಇಂಜಿನಿಯರಮ್ಮ, ಆಮೇಲೆ ಎಲ್ಲರೂ. ಸರಕಿನ ಲಾರಿಗಳು ಹೊರಗೇ ಸಾಲುಗಟ್ಟಿದವು. ಹೊತ್ತು ಮುಳುಗುವಷ್ಟರಲ್ಲಿ ಮಾಲೀಕ ಮೆತ್ತಗಾದ. ಗೋಡೆ ಒಡೆದು ಕಾಲುವೆ ತೆರೆದದ್ದು ಬೀದಿಯವರೇ.

ಅಂದಿನಿಂದ ಸಂಸ್ಥೆಯವರ ಮಾತುಕತೆಯೆಲ್ಲ ಬಯಲಿನಲ್ಲೇ ನಡೆಯಿತು, ಮೊದಲ ಪ್ರಶ್ನೆ ಯಾವಾಗಲೂ ಅವನದೇ. ಮುಂದಿನ ಮಳೆಗಾಲದಲ್ಲಿ ಹೊಳೆ ಮತ್ತೆ ಉಕ್ಕಿತು. ನೀರು ನೆಲಗಟ್ಟಿನ ಕಲ್ಲು ನೆಕ್ಕಿತು, ಹೊಸಿಲು ದಾಟಲಿಲ್ಲ. ಅಟ್ಟದ ಮೇಲೆ ಹತ್ತಿ ಬೆಚ್ಚಗಿತ್ತು.

ಸಂಸ್ಥೆಯವರು ಗಂಟುಮೂಟೆ ಕಟ್ಟುವ ದಿನ ಇಂಜಿನಿಯರಮ್ಮ ಕೇಳಿದಳು: "ಈಗಲೂ ಅನುಮಾನ ಇದೆಯಾ ಅಣ್ಣಾ?"

"ಇದೆ" ಎಂದ. "ನಿಮ್ಮ ಮೇಲೆ ಸ್ವಲ್ಪ, ಆ ಗೋದಾಮಿನವನ ಮೇಲೆ ಪೂರ್ತಿ."

ಈಗ ಮೋಡ ಕವಿದರೆ ಸಾಕು, ಅಕ್ಕಪಕ್ಕದವರನ್ನು ಕೂಗಿಕೊಂಡು ಕಾಲುವೆಗೆ ಇಳಿಯುತ್ತಾನೆ, ಗೋದಾಮಿನವನು ಮತ್ತೆ ಕಲ್ಲು ತುಂಬಿದ್ದಾನೇನೋ ಎಂದು ನೋಡಲು.