ಯಾವ ‘ಆತು’?

ಮೇಷ್ಟ್ರ ಬಲಗೈ ತೋರುಬೆರಳು ಮಡಚುತ್ತಿರಲಿಲ್ಲ. ಎಂದೋ ಯಂತ್ರಕ್ಕೆ ಸಿಕ್ಕು ಸೆಟೆದುಕೊಂಡ ಬೆರಳು ಅದು. ಮೌಸನ್ನು ನಡುಬೆರಳಿನಿಂದ ಒತ್ತುತ್ತಿದ್ದರು. ಆ ಬೆರಳು ಮಾತ್ರ ಸದಾ ಯಾರನ್ನೋ ತೋರಿಸುತ್ತಿರುವ ಹಾಗೆ ಕಾಣುತ್ತಿತ್ತು. ಡಿಪ್ಲೊಮಾ ಮುಗಿಸಿದ ನಾನು ಕೆರೆಬಿಳಚಿಯಿಂದ ಆ ಸಕ್ಕರೆ ಕಾರ್ಖಾನೆಗೆ ಟ್ರೈನಿಯಾಗಿ ಹೋದಾಗ ಅವರು ಕಂಟ್ರೋಲ್ ರೂಮಿನ ಹಿರಿಯ ಆಪರೇಟರ್. ಸವಳಂಗದವರು. ಶಾಲೆಯಲ್ಲಿ ಪಾಠ ಮಾಡಿದವರಲ್ಲ, ಆದರೂ ಎಲ್ಲರಿಗೂ ಮೇಷ್ಟ್ರು.

ಅಲ್ಲಿನ ಡಿಸಿಎಸ್ ಎಂಬ ನಿಯಂತ್ರಣ ವ್ಯವಸ್ಥೆ ಎಂದರೆ ಇಡೀ ಕಾರ್ಖಾನೆಯನ್ನು ನಡೆಸುವ ಒಂದು ದೊಡ್ಡ ಕಂಪ್ಯೂಟರ್ ಎಂದು ನಾನು ತಿಳಿದಿದ್ದೆ.

“ಒಂದಲ್ಲ ತಂಗಿ,” ಎಂದರು. “ಮದುವೆ ಮನೆ ಅಡುಗೆ ಇದ್ದಂಗೆ. ಅನ್ನಕ್ಕೊಬ್ಬ, ಸಾರಿಗೊಬ್ಬ. ಬಾಯ್ಲರಿಗೆ ಒಂದು ಕಂಟ್ರೋಲರ್, ಗಾಣಕ್ಕೆ ಇನ್ನೊಂದು. ಯಜಮಾನ ಕಣ್ಣು ಮುಚ್ಚಿದ್ರೂ ಅನ್ನ ಬೇಯ್ತೈತೆ.”

ಹಾಗೆನ್ನುತ್ತಲೇ ಎದುರಿನ ಸ್ಕ್ರೀನು ಆರಿಸಿಬಿಟ್ಟರು. ನಾನು ಕಿಟಕಿಗೆ ಓಡಿದೆ. ಹೊರಗೆ ಗಾಣ ತನ್ನ ಪಾಡಿಗೆ ತಿರುಗುತ್ತಿತ್ತು. ನನ್ನ ಮುಖ ನೋಡಿ ಬಹಳ ಹೊತ್ತು ನಕ್ಕರು.

“ಆದ್ರೆ ಕೈಯಿಂದ ತಿರುಗಿಸೋ ವಾಲ್ವ್ ಈ ಸ್ಕ್ರೀನಿಗೆ ಕಾಣಲ್ಲ,” ಎಂದೂ ಹೇಳಿದ್ದರು. “ಅಲ್ಲಿಗೆ ಮನುಷ್ಯನ ಬಾಯೇ ವೈರು.”

ಮರುವರ್ಷ ಕಬ್ಬು ಅರೆಯುವ ಹಂಗಾಮಿನಲ್ಲಿ, ಒಂದು ಮಧ್ಯಾಹ್ನ, ಉಗಿ ಕೊಳವೆಯ ಒತ್ತಡ ಅಳೆಯುವ ಟ್ರಾನ್ಸ್‌ಮಿಟರ್ ತಪ್ಪು ತೋರಿಸತೊಡಗಿತು. ಬಿಚ್ಚಿ ನೋಡಲು ಮೇಷ್ಟ್ರು ತಾವೇ ಇಳಿದು ಹೋದರು. ಬಿಚ್ಚುವ ಮೊದಲು ಮೇಲಿನ ಕೈವಾಲ್ವ್ ಮುಚ್ಚಿಸಬೇಕು. ನಾನು ವಾಕಿಟಾಕಿಯಲ್ಲಿ ಬಾಯ್ಲರ್ ಕಡೆಯ ಕೆಲಸಗಾರನಿಗೆ, “ಕೈವಾಲ್ವ್ ಮುಚ್ಚಿರಿ,” ಎಂದೆ.

“ಆತು ಮೇಡಂ.”

ಕೆಳಗಿನಿಂದ ಮೇಷ್ಟ್ರು ಫೋನ್ ಮಾಡಿ ಕೇಳಿದರು: “ಮುಚ್ಚಿದಾನಾ?”

“ಆತಂತೆ ಸರ್.”

ನಮ್ಮ ಕಡೆ ‘ಆತು’ ಎಂದರೆ ಮುಗಿಯಿತು ಎಂದೂ ಹೌದು, ಸರಿ, ಮಾಡುತ್ತೇನೆ ಎಂದೂ ಹೌದು. ಹುಟ್ಟಿದಾಗಿನಿಂದ ಎರಡೂ ಅರ್ಥದಲ್ಲಿ ಆಡಿದ ಮಾತು. ಆ ಕೆಲಸಗಾರ ವಾಲ್ವ್ ಮುಚ್ಚಲು ಇನ್ನೂ ಏಣಿ ಹತ್ತುತ್ತಿದ್ದ. ಮೇಷ್ಟ್ರು ನನ್ನ ಮಾತು ನಂಬಿ ನಟ್ಟು ಸಡಿಲಿಸಿದರು. ಕುದಿಯುವ ಉಗಿ ಅವರ ಮೈಮೇಲೆ ನುಗ್ಗಿತು.

ಆಸ್ಪತ್ರೆಗೆ ವಿಚಾರಣೆಯವರು ಬಂದಾಗ ನಾನು ಮಂಚದ ಪಕ್ಕದಲ್ಲಿದ್ದೆ. “ನಾನೇ ಹೋಗಿ ನೋಡದೆ ಬಿಚ್ಚಿದೆ ರೀ. ತಪ್ಪು ನಂದೇ, ಬರ್ಕೊಳ್ರಿ,” ಎಂದರು. ನಾನು ಬಾಯಿ ತೆರೆದೆ. ಬಟ್ಟೆ ಸುತ್ತಿದ ಕೈ ಎತ್ತಿ ಸುಮ್ಮನಿರು ಎಂಬಂತೆ ಆಡಿಸಿದರು. ಸುಮ್ಮನಾದೆ. ಅವರಿಗಾಗಿ ಸುಮ್ಮನಾದೆ ಎಂದು ನನಗೆ ನಾನೇ ಹೇಳಿಕೊಂಡೆ, ಅದು ಸುಳ್ಳು. ಕೆಲಸ ಹೋದೀತೆಂಬ ಭಯವಿತ್ತು. ಅದೇ ವಾರ ಅವರು ತೀರಿಕೊಂಡರು.

ಅವರ ಖುರ್ಚಿಯಲ್ಲಿ ಈಗ ನಾನು ಕೂರುತ್ತೇನೆ. ವಾಕಿಟಾಕಿಯಲ್ಲಿ ಯಾರು ‘ಆತು’ ಎಂದರೂ, “ಯಾವ ಆತು?” ಎಂದು ಕೇಳುತ್ತೇನೆ. ಹೊಸಬರು ಬೆನ್ನ ಹಿಂದೆ ನಗುತ್ತಾರೆ.

ಕೊನೆಗೊಂದು ಭಾನುವಾರ ಸವಳಂಗದ ಬಸ್ಸು ಹತ್ತಿದೆ. ಅವರ ಹೆಂಡತಿಯ ಮುಂದೆ ಕೂತು ನಡೆದದ್ದನ್ನೆಲ್ಲ ಹೇಳಿದೆ. ಆಕೆ ಅಳಲಿಲ್ಲ, ಚಹಾದ ಲೋಟ ನನ್ನತ್ತ ಸರಿಸಿದರು.

“ಗೊತ್ತೈತವ್ವಾ. ಆಸ್ಪತ್ರೆಯಾಗೇ ಹೇಳಿದ್ರು. ಆ ಹುಡುಗಿ ಬಂದು ಹೇಳ್ತಾಳೆ, ಬೈಬ್ಯಾಡ ಅಂದಿದ್ರು. ನಾನು ದಿನಾ ಬಾಗಿಲು ನೋಡ್ತಿದ್ದೆ. ನೀನು ಇಷ್ಟು ತಡ ಮಾಡ್ತಿ ಅಂತ ಅವರಿಗೂ ಗೊತ್ತಿರ್ಲಿಲ್ಲ ಕಾಣ್ತೈತೆ.”

ಅವರು ತೀರಿಕೊಂಡು ಅಷ್ಟರಲ್ಲಿ ಮೂರು ಹಂಗಾಮು ಕಳೆದಿದ್ದವು.